ಯಶವಂತಪುರ–ಮಂಗಳೂರು ಹಗಲು ರೈಲು: ನನ್ನ ಓಟು ಎಸಿ ಇಲ್ಲದ ಸೆಕೆಂಡ್ ಸಿಟ್ಟಿಂಗ್ ಕಿಟಕಿಗೆ

ಬೇಗ ಊರು ಮುಟ್ಟಬೇಕು ಅನ್ನೋರು ರಾತ್ರಿ ಬಸ್ ಹತ್ತಿ, ಈ ವಿಮರ್ಶೆ ನಿಮಗಲ್ಲ. ಬೆಳಿಗ್ಗೆ ಯಶವಂತಪುರದಲ್ಲಿ ಹತ್ತಿದರೆ ಮಂಗಳೂರು ಜಂಕ್ಷನ್‌ಗೆ ಬರುವಾಗ ಸಂಜೆಯಾಗಿರುತ್ತದೆ. ಒಂದು ಇಡೀ ದಿನ ಹೋಯಿತು ಅಂತಲೇ ಲೆಕ್ಕ ಹಾಕಿಕೊಳ್ಳಿ.

ನನ್ನ ಹೆಂಡತಿಯ ತವರು ಪುತ್ತೂರು. ಹಬ್ಬ, ಮದುವೆ, ಕೋಲ ಅಂತ ವರ್ಷಗಳಿಂದ ಇದೇ ರೈಲಿನಲ್ಲಿ ಓಡಾಟ. ನಮ್ಮ ಮಾವ ಮೀಟರ್ ಗೇಜ್ (ಹಳೆಯ ಕಿರಿದಾದ ಹಳಿ) ಕಾಲದವರು. ಹಾಸನ–ಮಂಗಳೂರು ಮಾರ್ಗ ಪೂರ್ತಿಯಾದದ್ದು 1979ರಲ್ಲಿ. ಆಮೇಲೆ ಬ್ರಾಡ್‌ಗೇಜ್ (ಅಗಲ ಹಳಿ) ಕೆಲಸಕ್ಕೆ ಅಂತ ಮುಚ್ಚಿದ್ದು ಹತ್ತು ವರ್ಷ ದಾಟಿತು. ಪ್ರಯಾಣಿಕರ ರೈಲು ಮತ್ತೆ ಬಂದಾಗ 2007ರ ಡಿಸೆಂಬರ್. ಆ ನಡುವಿನ ವರ್ಷಗಳಲ್ಲಿ ಶಿರಾಡಿ ಘಾಟಿಯ ಗುಂಡಿಗಳಲ್ಲಿ ಬಸ್ಸಿನಲ್ಲಿ ಕುಲುಕಿದ ಕತೆ ಮಾವನ ಬಾಯಲ್ಲೇ ಕೇಳಬೇಕು. ರೈಲಿಗೆ ಎಷ್ಟು ತಡವಾದರೂ ಅವರು ಗೊಣಗುವುದಿಲ್ಲ.

ಹಾಸನದವರೆಗೆ ನಿದ್ದೆ ಮಾಡಿ, ನಷ್ಟವೇನಿಲ್ಲ. ಶ್ರವಣಬೆಳಗೊಳದ ಬೆಟ್ಟ ಕಂಡರೆ ಕೈ ಮುಗಿಯಿರಿ. ಅಸಲಿ ಪ್ರಯಾಣ ಶುರುವಾಗುವುದು ಸಕಲೇಶಪುರದಲ್ಲಿ. ಅಲ್ಲಿ ಘಾಟಿಗೆ ಅಂತ ಹೆಚ್ಚುವರಿ ಇಂಜಿನ್ ಸೇರಿಸುತ್ತಾರೆ, ಬ್ರೇಕ್ ಪರೀಕ್ಷೆ ಮಾಡುತ್ತಾರೆ. ಇಂಜಿನ್ ತಾಗಿದ ಕೂಡಲೇ ಇಡೀ ಬೋಗಿಗೆ ಒಂದು ಜರ್ಕ್. ಹೊಸಬರು ಗಾಬರಿಯಾಗಿ ಸುತ್ತ ನೋಡುತ್ತಾರೆ, ಹಳಬರು ತಿಂಡಿ ಡಬ್ಬಿ ಬಿಚ್ಚುತ್ತಾರೆ. ಯಾರೂ ಹೇಳದೆ ಎಲ್ಲರೂ ಬಲಗಡೆಗೆ ಸರಿಯುತ್ತಾರೆ, ಕಣಿವೆ ಇರುವುದು ಆ ಕಡೆ.

ಅಲ್ಲಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿ.ಮೀ. ಅಷ್ಟರಲ್ಲಿ 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. ಐವತ್ತು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಇಳಿಜಾರು, ಹಾಗಾಗಿ ರೈಲು ತೆವಳಿಕೊಂಡೇ ಇಳಿಯುತ್ತದೆ. ಸುರಂಗ ಬಂದ ಕೂಡಲೇ ಮಕ್ಕಳೆಲ್ಲ ಒಟ್ಟಿಗೆ "ಹೋ" ಅಂತ ಕೂಗುತ್ತಾರೆ. ಕಾಲೇಜು ಹುಡುಗರೂ ಕೂಗುತ್ತಾರೆ. ನಿಜ ಹೇಳಬೇಕೆಂದರೆ ನಾನೂ. ಕಿಟಕಿಯಿಂದ ತಣ್ಣನೆ ಗಾಳಿ, ಒದ್ದೆ ಕಲ್ಲಿನ ವಾಸನೆ, ಜೊತೆಗೆ ಬ್ರೇಕ್ ಬಿಸಿಯಾದ ಸುಟ್ಟ ವಾಸನೆ ಒಳಗೆ ನುಗ್ಗುತ್ತವೆ. ಹೊರಬಂದರೆ ಕೆಳಗೆಲ್ಲೋ ಕೆಂಪುಹೊಳೆ. ಎಡಕುಮೇರಿಯಲ್ಲಿ ಗಾಡಿ ನಿಂತರೆ ಕಾಡು, ಹಳಿ, ಒಂದು ಪುಟ್ಟ ಸ್ಟೇಷನ್ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಹಿಂದೆ ಚಾರಣದವರು ಈ ಹಳಿ ಮೇಲೆ ನಡೆದುಕೊಂಡೇ ಬರುತ್ತಿದ್ದರು. ಈಗ ಅದಕ್ಕೆ ಬಿಡುವುದಿಲ್ಲ. ಒಳ್ಳೆಯದೇ ಆಯಿತು, ಸುರಂಗದೊಳಗೆ ರೈಲು ಬಂದರೆ ಓಡುವುದೆಲ್ಲಿಗೆ?

2021ರ ಜುಲೈಯಿಂದ ಇದಕ್ಕೆ ವಿಸ್ಟಾಡೋಮ್ ಬೋಗಿ ಬಂದಿದೆ. 44 ಸೀಟು, ಗಾಜಿನ ಚಾವಣಿ, ತಿರುಗುವ ಕುರ್ಚಿ, ಎಸಿ. ಅತ್ತೆ-ಮಾವನನ್ನು ಕರೆದುಕೊಂಡು ಹೋಗಲು ಬಹಳ ಅನುಕೂಲ, ಕಾಲು ಚಾಚಿ ಕೂರಬಹುದು. ಆದರೆ ಕಿಟಕಿ ತೆರೆಯುವ ಹಾಗಿಲ್ಲ. ಗಾಳಿಯಿಲ್ಲ, ವಾಸನೆಯಿಲ್ಲ, ಜಲಪಾತ ಕಂಡರೂ ಸದ್ದಿಲ್ಲ. ಟಿವಿಯಲ್ಲಿ ಘಾಟಿ ನೋಡಿದ ಹಾಗೆ. ಒಂದು ಸಲ ಕೂತು ನೋಡಿ, ತಪ್ಪೇನಿಲ್ಲ. ನಮ್ಮ ಮನೆಯವಳಂತೂ ಆ ದುಡ್ಡಿಗೆ ಎರಡು ಸೀರೆ ಬರುತ್ತಿತ್ತು ಅಂತ ಇನ್ನೂ ಹೇಳುತ್ತಾಳೆ.

ಸುಬ್ರಹ್ಮಣ್ಯ ರೋಡ್ ಅಂದರೆ ನೆಟ್ಟಣ. ಘಾಟಿ ಇಳಿದು ಅಲ್ಲಿಗೆ ಬರುವಷ್ಟರಲ್ಲಿ ಸೆಕೆಗೆ ಅಂಗಿ ಬೆನ್ನಿಗೆ ಅಂಟಿರುತ್ತದೆ, ಪಕ್ಕದ ಸೀಟಿನ ಮಾತು ತುಳುವಿಗೆ ತಿರುಗಿರುತ್ತದೆ. ಕುಕ್ಕೆಗೆ ಹೋಗುವವರು ಇಲ್ಲಿ ಗುಂಪಾಗಿ ಇಳಿಯುವುದರಿಂದ ಪುತ್ತೂರಿನವರೆಗೆ ಆರಾಮ.

ಮಳೆಗಾಲದಲ್ಲಿ ಇದರ ಸೊಬಗೇ ಬೇರೆ, ಅಪಾಯವೂ ಆಗಲೇ. 2024ರ ಜುಲೈನಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಗುಡ್ಡ ಕುಸಿದು ರೈಲು ನಿಂತಿತ್ತು. 2025ರಲ್ಲಿ ವಿದ್ಯುದೀಕರಣ ಕೆಲಸಕ್ಕಾಗಿ ಹಗಲು ರೈಲುಗಳು ತಿಂಗಳುಗಟ್ಟಲೆ ಬಂದ್. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮದುವೆ, ಇಂಟರ್‌ವ್ಯೂ ಅಂತ ಗಡುವಿನ ಕೆಲಸಕ್ಕೆ ಇದನ್ನು ನಂಬಬೇಡಿ. ಸುಮ್ನೆ ಹೋಗುವುದಾದರೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಒಳ್ಳೆಯದು. ಮಳೆ ಇಳಿದಿರುತ್ತದೆ, ನೀರು ಇನ್ನೂ ಹರಿಯುತ್ತಿರುತ್ತದೆ.

ಟಿಕೆಟ್ 60 ದಿನ ಮೊದಲು ತೆರೆಯುತ್ತದೆ. ದಸರಾ, ದೀಪಾವಳಿ ರಜೆಗಾದರೆ ಅವತ್ತೇ ಬುಕ್ ಮಾಡಿ, ಬುಕ್ ಮಾಡುವಾಗ ಕಿಟಕಿ ಸೀಟನ್ನೇ ಕೇಳಿ. ಊಟ ಮನೆಯಿಂದಲೇ ಕಟ್ಟಿಕೊಳ್ಳಿ. ಪುಳಿಯೋಗರೆ ಆದರೆ ಸಂಜೆವರೆಗೂ ಕೆಡುವುದಿಲ್ಲ.