ಪ್ರಿಂಟ್‌ಕೆ, ಜಿಡಿಬಿ, ಎಫ್‌ಟ್ರೇಸ್: ಒಂದೇ ಬಗ್, ಮೂರು ದಾರಿ

ಕಾಸರಗೋಡಿನ ಬದಿಯಡ್ಕ ಪೇಟೆಯಿಂದ ನಾಲ್ಕು ಕಿಲೋಮೀಟರ್ ಒಳಗೆ ನಮ್ಮ ಮನೆ. ಅಡಿಕೆ ತೋಟದ ನಡುವೆ ಕೂತು ಬೆಂಗಳೂರಿನ ಕಂಪನಿಗೆ ಲಿನಕ್ಸ್ ಡ್ರೈವರ್ (ಚಿಪ್ಪುಗಳನ್ನು ನಡೆಸುವ ಪ್ರೋಗ್ರಾಂ) ಬರೆಯುವುದು ನನ್ನ ಕೆಲಸ. ಬರೆಯುವುದು ಅಂತ ಹೆಸರಿಗೆ. ದಿನದ ಮುಕ್ಕಾಲು ಪಾಲು ಬಗ್, ಅಂದರೆ ಕೋಡಿನ ತಪ್ಪು, ಹುಡುಕುವುದರಲ್ಲೇ ಹೋಗುತ್ತದೆ. ಕಳೆದ ಆಟಿಯಲ್ಲಿ (ನಮ್ಮ ಕಡೆಯ ಮಳೆಗಾಲದ ತಿಂಗಳು) ಒಂದೇ ಬಗ್‌ನ ಹಿಂದೆ ಹನ್ನೊಂದು ದಿನ ಬಿದ್ದೆ. ಪ್ರಿಂಟ್‌ಕೆ, ಜಿಡಿಬಿ, ಎಫ್‌ಟ್ರೇಸ್ ಎಂಬ ಮೂರು ಸಾಧನಗಳನ್ನೂ ಒಂದಾದ ಮೇಲೊಂದು ಹಿಡಿದು ನೋಡಿದೆ.

ಬಗ್ ಹೀಗೆ. ಮೇಜಿನ ಮೇಲೆ ನಾಲ್ಕು ಕೋರ್‌ಗಳ ಒಂದು ಆರ್ಮ್ ಬೋರ್ಡು, ಅದಕ್ಕೆ ಒಂದು ಸೆನ್ಸರ್ ಚಿಪ್. ಡೇಟಾ ತಯಾರಾದಾಗ ಚಿಪ್ ಒಂದು ಇಂಟರಪ್ಟ್ (ಪ್ರೊಸೆಸರನ್ನು ಕರೆಯುವ ಸಂಕೇತ) ಕೊಡುತ್ತದೆ. ಅದಕ್ಕೆ ಓಗೊಡುವ ಕೋಡ್, ಹ್ಯಾಂಡ್ಲರ್, ಒಂದು ಫ್ಲ್ಯಾಗ್ (ಡೇಟಾ ಬಂದಿದೆ ಎಂಬ ಗುರುತು) ಏರಿಸಿ, ಓದುವ ಕೆಲಸದ ಥ್ರೆಡ್ಡನ್ನು ಎಬ್ಬಿಸುತ್ತದೆ. ಥ್ರೆಡ್ ಡೇಟಾ ಓದಿ ಮತ್ತೆ ಮಲಗುತ್ತದೆ. ಮೂರು ನಾಲ್ಕು ಗಂಟೆಗೆ ಒಮ್ಮೆ ಮಾತ್ರ ಥ್ರೆಡ್ ಮಲಗಿದ್ದು ಏಳುವುದೇ ಇಲ್ಲ. ಕ್ರ್ಯಾಶ್ ಇಲ್ಲ, ಎರರ್ ಇಲ್ಲ. ಸುಮ್ನೆ ನಿಂತುಬಿಡುತ್ತದೆ.

ಮೊದಲು ಕೈ ಹೋದದ್ದು ಪ್ರಿಂಟ್‌ಕೆಗೇ. ಎಲ್ಲರದ್ದೂ ಹಾಗೇ ಅಲ್ವಾ? ಕರ್ನಲ್ಲಿನ, ಅಂದರೆ ಲಿನಕ್ಸಿನ ತಿರುಳಿನ, ಒಳಗಿಂದ ಮೆಸೇಜ್ ಹೊರಗೆ ಬರೆಯುವ ಸಾಲು ಅದು. ಹ್ಯಾಂಡ್ಲರಿನ ಮೊದಲ ಸಾಲಿನಲ್ಲೇ ಒಂದು ಮೆಸೇಜ್ ಹಾಕಿದೆ. ಸೀರಿಯಲ್ ವೈರು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಬಂದ ಸಾಲುಗಳನ್ನು ತೋರಿಸುವ ಮಿನಿಕಾಮ್ ತೆರೆದು, ರಾತ್ರಿಯಿಡೀ ಓಡಲು ಬಿಟ್ಟೆ. ಬೆಳಿಗ್ಗೆ ನೋಡಿದರೆ ಬಗ್ ಇಲ್ಲವೇ ಇಲ್ಲ! ಎರಡು ದಿನ ಓಡಿಸಿದೆ, ಬರಲಿಲ್ಲ. ಬೆಂಗಳೂರಿನ ಸಹೋದ್ಯೋಗಿ ಫೋನಿನಲ್ಲಿ ನಕ್ಕ. "ಹಾಗಾದ್ರೆ ಆ ಪ್ರಿಂಟ್‌ಕೆಯನ್ನೇ ಫಿಕ್ಸ್ ಅಂತ ಕಳಿಸಿಬಿಡು ಮಾರಾಯ."

ನಗುವ ಮಾತೇ, ಆದರೆ ಕಾರಣ ಅದರಲ್ಲೇ ಇತ್ತು. ಈ ಮೆಸೇಜುಗಳು ಹೊರಗೆ ಹೋಗುವ ಸೀರಿಯಲ್ ಕನ್ಸೋಲ್ ಸೆಕೆಂಡಿಗೆ 115200 ಬಿಟ್ ವೇಗದಲ್ಲಿ ಓಡುತ್ತದೆ. ಒಂದು ಅಕ್ಷರಕ್ಕೆ 10 ಬಿಟ್ ಹಿಡಿದರೆ ಸೆಕೆಂಡಿಗೆ 11,520 ಅಕ್ಷರ. 80 ಅಕ್ಷರದ ಒಂದು ಸಾಲು ಹೊರಗೆ ಹೋಗಲು ಸುಮಾರು 7 ಮಿಲಿಸೆಕೆಂಡ್ ಬೇಕು. ನನ್ನ ಹ್ಯಾಂಡ್ಲರ್ ಅಷ್ಟು ಹೊತ್ತು ಕಾದು ಆಮೇಲೆ ಫ್ಲ್ಯಾಗ್ ಏರಿಸುತ್ತಿತ್ತು. ಬಗ್ ಇದ್ದದ್ದು ಕೆಲವೇ ಮೈಕ್ರೋಸೆಕೆಂಡಿನ ಸಂದಿಯಲ್ಲಿ. ಹುಡುಕಲು ಹೋದ ನಾನೇ ಅದನ್ನು ಮುಚ್ಚಿಹಾಕುತ್ತಿದ್ದೆ.

ಹಾಗಂತ ಪ್ರಿಂಟ್‌ಕೆಯನ್ನು ಬೈಯುವುದಿಲ್ಲ. ಬೋರ್ಡು ಮೊದಲ ಸಲ ಏಳುವಾಗ, ಅಥವಾ ಪ್ಯಾನಿಕ್ ಆಗಿ ಸಾಯುವಾಗ, ಅದರಷ್ಟು ನಂಬಿಕೆಯದ್ದು ಬೇರೆ ಇಲ್ಲ. ಕರೆಂಟ್ ಹೋಗಿ ಬೋರ್ಡು ಆಫ್ ಆದರೂ ಸೀರಿಯಲ್ ವೈರಿನಲ್ಲಿ ಬಂದ ಸಾಲುಗಳು ಲ್ಯಾಪ್‌ಟಾಪಿನ ಫೈಲಿನಲ್ಲಿ ಉಳಿದಿರುತ್ತವೆ. ನಮ್ಮ ಕಡೆ ಮಳೆಗಾಲ ನೋಡಿದವರಿಗೆ ಇದರ ಬೆಲೆ ಗೊತ್ತು.

ಮುಂದಿನದು ಜಿಡಿಬಿ, ಓಡುವ ಪ್ರೋಗ್ರಾಮನ್ನು ನಡುವೆ ನಿಲ್ಲಿಸಿ ಒಳಗೆ ನೋಡುವ ಸಾಧನ. ಲ್ಯಾಪ್‌ಟಾಪಿನಲ್ಲೇ ಕ್ಯೂಎಮು (ಸಾಫ್ಟ್‌ವೇರಿನಲ್ಲೇ ಕಟ್ಟಿದ ಒಂದು ಕಂಪ್ಯೂಟರ್) ಓಡಿಸಿ, ಅದರೊಳಗೆ ಅದೇ ಕರ್ನಲ್ ಎಬ್ಬಿಸಿದೆ. ಕ್ಯೂಎಮು ಶುರು ಮಾಡುವಾಗ ಇಂಗ್ಲಿಷಿನ ಸಣ್ಣ ಎಸ್ (-s) ಕೊಟ್ಟರೆ ಜಿಡಿಬಿಗಾಗಿ 1234ನೇ ಪೋರ್ಟ್ ತೆರೆಯುತ್ತದೆ. ದೊಡ್ಡ ಎಸ್ (-S) ಕೊಟ್ಟರೆ ನಾವು ಹೇಳುವ ತನಕ ಒಂದು ಇನ್‌ಸ್ಟ್ರಕ್ಷನ್ ಕೂಡ ಓಡುವುದಿಲ್ಲ. ಬ್ರೇಕ್‌ಪಾಯಿಂಟ್ ಎಂಬ 'ಇಲ್ಲಿ ನಿಲ್ಲು' ಗುರುತು ಹಾಕಿದೆ, ನಿಲ್ಲಲಿಲ್ಲ. ಅರ್ಧ ದಿನ ತಲೆ ಕೆರೆದುಕೊಂಡೆ. ಕರ್ನಲ್ ಪ್ರತಿ ಸಲ ಬೇರೆ ಬೇರೆ ವಿಳಾಸದಲ್ಲಿ ಕೂರುತ್ತದೆ ಎನ್ನುವುದು ಮರೆತೇಹೋಗಿತ್ತು. ಬೂಟ್ ಸಾಲಿಗೆ ನೋ‌ಕೆಎಎಸ್ಎಲ್ಆರ್ ಸೇರಿಸಿ ಅದನ್ನು ತಡೆದ ಮೇಲೆ ಸರಿಯಾಯಿತು.

ಬೇರೆಯವರು ಬರೆದ ಕೋಡ್ ಓದಲು ಜಿಡಿಬಿ ಬಹಳ ಒಳ್ಳೆಯದು. ಗುಡ್ಡದ ಸುರಂಗದೊಳಗೆ ಟಾರ್ಚ್ ಹಿಡಿದು ಹೋದ ಹಾಗೆ, ಒಂದೊಂದೇ ಹೆಜ್ಜೆ, ಎಲ್ಲಿ ಬೇಕೋ ಅಲ್ಲಿ ನಿಂತು ನೋಡಬಹುದು. ಆದರೆ ನನ್ನ ಬಗ್ ಹಿಡಿಯಲು ಉಪಯೋಗ ಸೊನ್ನೆ. ಒಂದು, ಆ ಚಿಪ್ ಕ್ಯೂಎಮುವಿನಲ್ಲಿ ಇಲ್ಲವೇ ಇಲ್ಲ. ಎರಡು, ಬ್ರೇಕ್‌ಪಾಯಿಂಟಿನಲ್ಲಿ ನಿಂತರೆ ಇಡೀ ಯಂತ್ರವೇ ನಿಲ್ಲುತ್ತದೆ. ಸಮಯದ ಬಗ್ ಹುಡುಕಲು ಸಮಯವನ್ನೇ ನಿಲ್ಲಿಸಿದರೆ ಏನು ಸಿಗುತ್ತದೆ?

ಕೊನೆಗೆ ಎಫ್‌ಟ್ರೇಸ್. 2008ರಲ್ಲೇ, 2.6.27ರ ಕರ್ನಲ್ಲಿಗೇ ಸೇರಿದ ಸಾಧನ. ಕರ್ನಲ್ ಯಾವಾಗ ಏನು ಮಾಡಿತು ಅಂತ ದಾಖಲಿಸುತ್ತದೆ, ಆ ದಾಖಲೆಯೇ ಟ್ರೇಸ್. ನಾನು ಇದನ್ನು ಮೊದಲೇ ಹಿಡಿಯಬೇಕಿತ್ತು. ಟ್ರೇಸ್‌ಪ್ರಿಂಟ್‌ಕೆ ಎಂಬ ಅದರ ಮೆಸೇಜ್ ಸಾಲು ಬರೆದದ್ದು ವೈರಿಗೆ ಹೋಗುವುದಿಲ್ಲ, ಮೆಮೊರಿಯ ಬಫರಿಗೆ ಹೋಗುತ್ತದೆ. ಹಾಗಾಗಿ ಮಿಲಿಸೆಕೆಂಡಿನ ಮಾತೇ ಇಲ್ಲ. ಮೂರು ಜಾಗದಲ್ಲಿ ಹಾಕಿದೆ. ಜೊತೆಗೆ ಇಂಟರಪ್ಟ್ ಮತ್ತು ಶೆಡ್ಯೂಲರಿನ (ಯಾವ ಥ್ರೆಡ್ ಯಾವಾಗ ಓಡಬೇಕು ಅಂತ ನೋಡುವ ಭಾಗ) ಈವೆಂಟುಗಳನ್ನೂ ಆನ್ ಮಾಡಿದೆ. ಬಗ್ ಮತ್ತೆ ಬರತೊಡಗಿತು. ಇಷ್ಟು ಖುಷಿ ಯಾವ ಬಗ್ ಬಂದಾಗಲೂ ಆಗಿರಲಿಲ್ಲ.

ಖುಷಿ ಸಂಜೆ ತನಕ ಮಾತ್ರ. ಐದು ಗಂಟೆ ಓಡಿ ಥ್ರೆಡ್ ನಿಂತಿತ್ತು. ಟ್ರೇಸ್ ತೆಗೆಯೋಣ ಅಂತ ಕೂರುವಾಗ ಒಂದು ಗುಡುಗು, ಕರೆಂಟ್ ಹೋಯಿತು. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಬೋರ್ಡಿಗೆ ಎಲ್ಲಿದೆ? ಮೆಮೊರಿಯಲ್ಲಿದ್ದ ಟ್ರೇಸ್ ಪೂರ್ತಿ ಹೋಯಿತು. ಮರುದಿನ ಬೋರ್ಡಿನ ವೈರನ್ನು ಇನ್ವರ್ಟರಿನ ಸಾಲಿಗೆ ಎಳೆಯುವಾಗ ಅಪ್ಪ ಕೇಳಿದರು, "ಅದಕ್ಕೆಂತ ಇನ್ವರ್ಟರು? ಫ್ಯಾನಿಗೇ ಸಾಕಾಗುದಿಲ್ಲ."

ಇನ್ನೊಂದು ಎಚ್ಚರಿಕೆ. ಬಫರ್ ಒಂದೊಂದು ಕೋರಿಗೆ ಸುಮಾರು 1.4 ಎಂಬಿ ಮಾತ್ರ, ತುಂಬಿದ ಮೇಲೆ ಹಳೆಯದರ ಮೇಲೇ ಬರೆಯುತ್ತದೆ. ಆದ್ದರಿಂದ ಥ್ರೆಡ್ ಎರಡು ಸೆಕೆಂಡ್ ಏಳದಿದ್ದರೆ ಟ್ರೇಸಿಂಗ್ ತಾನೇ ನಿಲ್ಲುವಂತೆ ಡ್ರೈವರಿನಲ್ಲೇ ಒಂದು ಕರೆ ಸೇರಿಸಿದೆ.

ಮರುದಿನ ರಾತ್ರಿ ಸಿಕ್ಕಿತು. ಥ್ರೆಡ್ ಡೇಟಾ ಓದಿ ಮುಗಿಸಿದೆ. ಅಷ್ಟರಲ್ಲಿ ಇನ್ನೊಂದು ಕೋರಿನಲ್ಲಿ ಹೊಸ ಇಂಟರಪ್ಟ್, ಫ್ಲ್ಯಾಗ್ ಏರಿದೆ. 18 ಮೈಕ್ರೋಸೆಕೆಂಡ್ ಆದ ಮೇಲೆ ಥ್ರೆಡ್ ಫ್ಲ್ಯಾಗನ್ನು ಸೊನ್ನೆ ಮಾಡಿ ಮಲಗಿದೆ. ಹೊಸ ಇಂಟರಪ್ಟ್ ಬಂದ ಗುರುತನ್ನು ತಾನೇ ಅಳಿಸಿದೆ! ಡೇಟಾ ಓದುವ ತನಕ ಚಿಪ್ ಮತ್ತೆ ಕರೆಯುವುದಿಲ್ಲ, ಕರೆಯುವ ತನಕ ಥ್ರೆಡ್ ಓದುವುದಿಲ್ಲ. ಮೊದಲು ಸೊನ್ನೆ ಮಾಡಿ ಆಮೇಲೆ ಓದಬೇಕು, ಅಷ್ಟೇ. ಎರಡು ಸಾಲು ಅದಲುಬದಲು ಮಾಡಿದೆ.

ಈಗ ನನ್ನ ಲೆಕ್ಕ ಹೀಗಿದೆ. ಬೋರ್ಡು ಏಳುವುದೇ ಇಲ್ಲ ಅಂದರೆ ಪ್ರಿಂಟ್‌ಕೆ. ಕೋಡ್ ಅರ್ಥವಾಗುತ್ತಿಲ್ಲ ಅಂದರೆ ಜಿಡಿಬಿ. "ಕೆಲವೊಮ್ಮೆ ಮಾತ್ರ ಆಗ್ತದೆ" ಅಂತ ಯಾರಾದರೂ ಹೇಳಿದರೆ ನೇರ ಎಫ್‌ಟ್ರೇಸ್, ಅದೂ ಇನ್ವರ್ಟರಿಗೆ ಸಿಕ್ಕಿಸಿದ ಮೇಲೆ.

ಪ್ಯಾಚ್ ಕಳಿಸಿದ ಮರುದಿನ ಸಹೋದ್ಯೋಗಿ ಒಂದು ಸ್ಕ್ರೀನ್‌ಶಾಟ್ ಕಳಿಸಿದ. ಡ್ರೈವರ್ ಲೋಡ್ ಆದ ಕೂಡಲೇ ನಕ್ಷತ್ರಗಳ ಚೌಕಟ್ಟಿನೊಳಗೆ ನೋಟಿಸ್, ನೋಟಿಸ್, ನೋಟಿಸ್ ಅಂತ ದೊಡ್ಡ ಫಲಕ: ಇದರಲ್ಲಿ ಟ್ರೇಸ್‌ಪ್ರಿಂಟ್‌ಕೆ ಇದೆ, ಇದು ಡೀಬಗ್ ಕರ್ನಲ್. ಹಾಕಿದ ಆ ಮೂರು ಮೆಸೇಜ್ ಸಾಲುಗಳಲ್ಲಿ ಒಂದನ್ನು ತೆಗೆಯಲು ಮರೆತಿದ್ದೆ.