ಮೂರು ಜಾಕ್, ಒಂದು ರ‍್ಯಾಂಪ್, ಒಂದು ಲಿಫ್ಟ್: ಒಂದೇ ಕಾರಿನ ಕೆಳಗೆ

ಕಾರಿನ ಕೆಳಗೆ ನಾನೇ ನುಗ್ಗಿ ಕೆಲಸ ಮಾಡಲು ಶುರು ಮಾಡಿ ಎಂಟು ವರ್ಷ ಆಯ್ತು. ಇಷ್ಟರಲ್ಲಿ ಒಂದೇ ಕಾರನ್ನು ಐದು ಬಗೆಯಲ್ಲಿ ಎತ್ತಿ ನೋಡಿದ್ದೇನೆ. ಕಾರಿನ ಜೊತೆಗೇ ಬರುವ ಸಿಸರ್ ಜಾಕ್, ಬಾಟಲ್ ಜಾಕ್, ಟ್ರಾಲಿ ಜಾಕ್, ಕಾರನ್ನು ಹತ್ತಿಸಿ ನಿಲ್ಲಿಸುವ ರ‍್ಯಾಂಪ್, ಮತ್ತೆ ಗ್ಯಾರೇಜಿನ ಟೂ ಪೋಸ್ಟ್ ಲಿಫ್ಟ್. ಯಾವುದು ಬೇಗ ಎತ್ತುತ್ತದೆ, ಯಾವುದಕ್ಕೆ ಶ್ರಮ ಕಡಿಮೆ ಅಂತಲೇ ಎಲ್ಲರೂ ಮೊದಲು ಕೇಳುತ್ತಾರೆ. ನಾನು ಮೊದಲು ನೋಡುವುದು ಬೇರೆ. ಇದರಲ್ಲಿ ಯಾವುದಾದರೂ ಒಂದು ಭಾಗ ಕೈಕೊಟ್ಟರೆ, ಆಮೇಲೆ ಕಾರನ್ನು ಹಿಡಿಯುವುದು ಯಾವುದು?

ನನ್ನದು ಚಿಕ್ಕ ಹ್ಯಾಚ್‌ಬ್ಯಾಕ್. ಖಾಲಿ ಇದ್ದಾಗ ಸುಮಾರು 1,000 ಕೆಜಿ. ಎಂಜಿನ್ ಮುಂದೆ, ಮುಂದಿನ ಚಕ್ರಗಳೇ ಎಳೆಯುತ್ತವೆ. ಇಂಥ ಕಾರುಗಳಲ್ಲಿ ತೂಕದ ಹೆಚ್ಚು ಪಾಲು, ಹತ್ತಿರ ಹತ್ತಿರ ಶೇ 60ರಷ್ಟು, ಮುಂದಿನ ಚಕ್ರಗಳ ಮೇಲೇ ಇರುತ್ತದೆ. ಅಂದರೆ ಮುಂದಿನ ಒಂದು ಮೂಲೆ ಎತ್ತುವಾಗ ಜಾಕ್ ಮೇಲೆ ಬೀಳುವುದು ಸುಮಾರು 300 ಕೆಜಿ. 2 ಟನ್ ಅಂತ ಬರೆದಿರುವ ಜಾಕ್‌ಗೆ ಇದು ದೊಡ್ಡ ಭಾರವೇ ಅಲ್ಲ. ಹಾಗಿದ್ದೂ ಕಾರು ಬೀಳುತ್ತದೆ. ಯಾಕೆಂದರೆ ಜಾಕ್ ಮುರಿಯುವುದಕ್ಕಿಂತ ಜಾರುವುದು, ವಾಲುವುದೇ ಜಾಸ್ತಿ.

ಅದನ್ನು ನಾನು ಕಲಿತಿದ್ದು ಸಿಸರ್ ಜಾಕ್‌ನಿಂದ.

ಅವತ್ತು ಮುಂದಿನ ಎಡ ಚಕ್ರ ಬಿಚ್ಚಬೇಕಿತ್ತು. ನೆಲ ಸ್ವಲ್ಪ ಇಳಿಜಾರು, ಕಣ್ಣಿಗೆ ಅಷ್ಟಾಗಿ ಕಾಣುವಂಥದ್ದಲ್ಲ. ಫಸ್ಟ್ ಗೇರ್ ಹಾಕಿದ್ದೆ, ಹ್ಯಾಂಡ್‌ಬ್ರೇಕ್ ಎಳೆದಿರಲಿಲ್ಲ. ಗೇರಿನಲ್ಲಿದೆ, ಎಲ್ಲಿಗೆ ಹೋಗುತ್ತದೆ ಅಂದುಕೊಂಡಿದ್ದೆ. ಚಕ್ರ ನೆಲ ಬಿಟ್ಟ ಕ್ಷಣಕ್ಕೆ ಕಾರು ನಿಧಾನವಾಗಿ ಹಿಂದಕ್ಕೆ ಸರಿಯಿತು. ಜಾಕ್ ವಾಲಿತು. ಚಕ್ರ ಇನ್ನೂ ಬಿಚ್ಚಿರಲಿಲ್ಲವಾದ್ದರಿಂದ ಕಾರು ಅದರ ಮೇಲೇ ಕುಳಿತುಕೊಂಡಿತು. ಬಾಗಿಲ ಕೆಳಗಿನ ತಗಡಿನ ಅಂಚು ಮಡಚಿತು, ಅಷ್ಟೇ. ಐದು ನಿಮಿಷ ತಡವಾಗಿದ್ದರೆ ಚಕ್ರ ಇರುವ ಜಾಗದಲ್ಲಿ ನನ್ನ ಕೈ ಇರುತ್ತಿತ್ತು.

ಗೇರಿನಲ್ಲಿದ್ದ ಕಾರು ಯಾಕೆ ಉರುಳಿತು? ಡಿಫರೆನ್ಷಿಯಲ್‌ನಿಂದ. ತಿರುವಿನಲ್ಲಿ ಎಡ ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲಿ ಅಂತ ಇರುವ ಗೇರ್ ಜೋಡಣೆ ಅದು. ಒಂದು ಚಕ್ರ ಗಾಳಿಯಲ್ಲಿ ಸುಮ್ನೆ ತಿರುಗಬಹುದು ಅಂತಾದರೆ, ನೆಲದ ಮೇಲಿರುವ ಇನ್ನೊಂದು ಚಕ್ರವೂ ಅದಕ್ಕೆ ಎದುರು ದಿಕ್ಕಿನಲ್ಲಿ ತಿರುಗಬಹುದು. ಎಂಜಿನ್ ಅಲ್ಲಾಡಬೇಕಾಗಿಯೇ ಇಲ್ಲ. ಆಟೊಮ್ಯಾಟಿಕ್ ಕಾರನ್ನು ‘ಪಿ’ಯಲ್ಲಿ ಹಾಕಿದರೂ ಇದೇ ಕಥೆ. ಹ್ಯಾಂಡ್‌ಬ್ರೇಕ್ ಸಾಮಾನ್ಯವಾಗಿ ಹಿಂದಿನ ಎರಡು ಚಕ್ರಗಳನ್ನು ಹಿಡಿಯುತ್ತದೆ, ಹಾಗಾಗಿ ಮುಂದೆ ಎತ್ತುವಾಗ ಅದೇ ಆಧಾರ. ಹಿಂದಿನ ಎರಡೂ ಚಕ್ರ ಒಟ್ಟಿಗೆ ಎತ್ತಿದರೆ ಮಾತ್ರ ಹ್ಯಾಂಡ್‌ಬ್ರೇಕ್ ಇದ್ದೂ ಇಲ್ಲದಂತೆ. ಆಗ ಮುಂದಿನ ಚಕ್ರಗಳಿಗೆ ಅಡ್ಡ ಕೊಡಲೇಬೇಕು. ಈಗ ನಾನು ಯಾವ ಮೂಲೆ ಎತ್ತಿದರೂ ಹ್ಯಾಂಡ್‌ಬ್ರೇಕ್ ಎಳೆದು, ಗೇರಿಗೆ ಹಾಕಿ, ಅದರ ಎದುರು ಮೂಲೆಯ ಚಕ್ರಕ್ಕೆ ಹಿಂದೆ ಮುಂದೆ ಎರಡೂ ಕಡೆ ವೀಲ್ ಚೋಕ್ (ಚಕ್ರ ಉರುಳದಂತೆ ಕೊಡುವ ಅಡ್ಡ) ಒತ್ತಿ ಇಡುತ್ತೇನೆ. ಯಾವ ಜಾಕ್ ಆದರೂ ಸರಿ.

ಸಿಸರ್ ಜಾಕ್‌ಗೆ ಒಂದು ಒಳ್ಳೆಯ ಗುಣ ಇದೆ, ಅದನ್ನು ಹೇಳಲೇಬೇಕು. ಅದು ನಿಂತಿರುವುದು ಸ್ಕ್ರೂ ಮೇಲೆ. ನಾವು ತಿರುಗಿಸದೆ ಆ ಸ್ಕ್ರೂ ತಾನಾಗಿ ಹಿಂದಕ್ಕೆ ತಿರುಗುವುದಿಲ್ಲ. ಆಯಿಲ್ ಇಲ್ಲ, ಸೀಲ್ ಇಲ್ಲ, ಸೋರುವ ಮಾತೂ ಇಲ್ಲ. ಅದರ ತಲೆಯ ಸಂದು ಬಾಗಿಲ ಕೆಳಗಿನ ಅಂಚಿಗೆ ಸರಿಯಾಗಿ ಕೂರುತ್ತದೆ. ಆದರೆ ಪಾದ ಅಂಗೈ ಅಗಲವೂ ಇಲ್ಲ. ಒಂದು ಮೂಲೆ ಮೇಲೇರುವಾಗ ಕಾರು ನೇರವಾಗಿ ಏರುವುದಿಲ್ಲ, ಆಚೆ ಬದಿಯ ಚಕ್ರಗಳ ಮೇಲೆ ವಾಲುತ್ತಾ ಏರುತ್ತದೆ. ಆಗ ಜಾಕ್‌ನ ತಲೆಯನ್ನೂ ಸ್ವಲ್ಪ ಎಳೆದುಕೊಂಡು ಹೋಗುತ್ತದೆ. ಸಣ್ಣ ಪಾದದ ಜಾಕ್‌ಗೆ ಇದು ಸಣ್ಣ ವಿಷಯ ಅಲ್ಲ. ಅದಕ್ಕೇ ಇದು ರಸ್ತೆಯಲ್ಲಿ ಪಂಕ್ಚರ್ ಆದಾಗ ಸ್ಟೆಪ್ನಿ ಹಾಕಲಿಕ್ಕೆ ಮಾತ್ರ. ವೀಲ್ ನಟ್‌ಗಳನ್ನು ಚಕ್ರ ನೆಲದ ಮೇಲಿರುವಾಗಲೇ ಅರ್ಧ ಸುತ್ತು ಸಡಿಲಿಸಿ, ಆಮೇಲೆ ಎತ್ತಿ. ಎತ್ತಿದ ಮೇಲೆ ಸ್ಪ್ಯಾನರ್ ಮೇಲೆ ತೂಕ ಹಾಕಿ ತುಳಿದರೆ ಕಾರನ್ನೇ ಜಾಕ್‌ನಿಂದ ತಳ್ಳಿದಂತೆ ಆಗುತ್ತದೆ. ಬಿಚ್ಚಿದ ಚಕ್ರವನ್ನು ಜಾಕ್ ಪಕ್ಕದಲ್ಲಿ ಬಾಡಿ ಕೆಳಗೆ ಅಡ್ಡ ಮಲಗಿಸಿ. ಜಾಕ್ ವಾಲಿದರೂ ಕಾರು ಆ ಚಕ್ರದ ಮೇಲೆ ನಿಲ್ಲುತ್ತದೆ.

ಆ ಘಟನೆ ಆದ ಮೇಲೆ ತಂದಿದ್ದು ಬಾಟಲ್ ಜಾಕ್. ಹೈಡ್ರಾಲಿಕ್. 1795ರಲ್ಲಿ ಜೋಸೆಫ್ ಬ್ರಾಮಾ ಪೇಟೆಂಟ್ ಪಡೆದ ಹೈಡ್ರಾಲಿಕ್ ಪ್ರೆಸ್‌ನ ತತ್ವವೇ ಇದರದ್ದೂ. ಸಣ್ಣ ಪಿಸ್ಟನ್ ಒತ್ತಿದರೆ ಆಯಿಲ್ ಮೂಲಕ ದೊಡ್ಡ ಪಿಸ್ಟನ್ ಕಡಿಮೆ ದೂರ ಏರುತ್ತದೆ, ಆದರೆ ಹಲವು ಪಟ್ಟು ಬಲದಿಂದ. ಶಕ್ತಿಗೆ ಏನೂ ಕೊರತೆ ಇಲ್ಲ. ಕೊರತೆ ಇರುವುದು ಆಕಾರದಲ್ಲಿ. ಪೂರ್ತಿ ಇಳಿಸಿದಾಗಲೂ ನನ್ನ ಬಾಟಲ್ ಜಾಕ್ 19 ಸೆಂಟಿಮೀಟರ್ ಎತ್ತರ. ಗಾಳಿ ಹೋದ ಚಕ್ರದ ಮೇಲೆ ಕುಳಿತ ಕಾರಿನ ಕೆಳಗೆ ಅದು ಹೋಗಲೇ ಇಲ್ಲ! ಇನ್ನು ಅದರ ತಲೆ ಚಿಕ್ಕದು, ಗುಂಡಗೆ. ತಗಡಿನ ಅಂಚಿಗೆ ಇಟ್ಟರೆ ಅಂಚನ್ನೇ ಒತ್ತಿ ಬಗ್ಗಿಸುತ್ತದೆ, ಇಲ್ಲವೇ ಜಾರುತ್ತದೆ. ದಪ್ಪ ಆಕ್ಸಲ್, ಗಟ್ಟಿ ಚಾಸಿಸ್ ಇರುವ ಎತ್ತರದ ಗಾಡಿಗಳಿಗೆ ಇದು ಸರಿಯಾದ ಜಾಕ್. ನನ್ನಂಥ ಕಾರಿಗೆ ಅಲ್ಲ.

ಇನ್ನೊಂದು ಪರೀಕ್ಷೆಯನ್ನು ಬೇಕೆಂದೇ ಮಾಡಿದೆ. ಕಾರಿನ ಮೂಲೆಯನ್ನು ಚಕ್ರ ನೆಲ ಬಿಡುವಷ್ಟು ಎತ್ತಿ, ಚಕ್ರ ಬಿಚ್ಚದೆ, ಹತ್ತಿರ ಯಾರೂ ಹೋಗದ ಹಾಗೆ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ನೋಡಿದರೆ ಚಕ್ರ ನೆಲ ಮುಟ್ಟಿತ್ತು. ಹೊರಗೆ ಒಂದು ತೊಟ್ಟು ಆಯಿಲ್ ಬಿದ್ದಿರಲಿಲ್ಲ. ಒಳಗಿನ ವಾಲ್ವ್‌ನಲ್ಲೇ ಆಯಿಲ್ ಮೆಲ್ಲಗೆ ಹಿಂದಕ್ಕೆ ಸರಿದಿರಬೇಕು. ಹೈಡ್ರಾಲಿಕ್ ಜಾಕ್ ಕಾರನ್ನು ‘ಎತ್ತುತ್ತದೆ’ ಅನ್ನುವುದಷ್ಟೇ ನಿಜ, ‘ಹಿಡಿದಿರುತ್ತದೆ’ ಅಂತ ನಂಬಬಾರದು ಅನ್ನುವುದು ಅವತ್ತು ನನಗೆ ಖಚಿತವಾಯಿತು.

ಟ್ರಾಲಿ ಜಾಕ್ ಬಂದ ಮೇಲೆ ಮನೆಯ ಕೆಲಸದ ರೀತಿಯೇ ಬದಲಾಯಿತು. ಉದ್ದ ಹಿಡಿ ಇರುವುದರಿಂದ ಕಾರಿನಿಂದ ದೂರ ನಿಂತು ಎತ್ತಬಹುದು. ತಲೆ ಅಗಲ. ತಗ್ಗಾಗಿರುವುದರಿಂದ ಗಾಳಿ ಹೋದ ಕಾರಿನ ಕೆಳಗೂ ಸಲೀಸಾಗಿ ಹೋಗುತ್ತದೆ. ಹತ್ತು ಹನ್ನೆರಡು ಸಲ ಒತ್ತಿದರೆ ಚಕ್ರ ಮೇಲೆ. ಅಂಚಿನ ತಗಡು ಕೂರಲು ಗೀರು ಇರುವ ರಬ್ಬರ್ ತುಂಡೊಂದನ್ನು ಜಾಕ್‌ನ ತಲೆ ಮೇಲೆ ಇಡುತ್ತೇನೆ. ಅಂಚು ಮಡಚುವುದಿಲ್ಲ, ಕಬ್ಬಿಣದ ಮೇಲೆ ಕಬ್ಬಿಣ ಜಾರುವುದೂ ಇಲ್ಲ.

ಇದರಲ್ಲೊಂದು ಸೂಕ್ಷ್ಮ ಇದೆ. ಟ್ರಾಲಿ ಜಾಕ್‌ನ ತೋಳು ಕಮಾನಿನಂತೆ ಏರುತ್ತದೆ. ಮೇಲೆ ಹೋದಂತೆಲ್ಲ ತಲೆ ಹಿಡಿಯ ಕಡೆಗೆ ಸರಿಯುತ್ತದೆ. ಅದನ್ನು ಸರಿದೂಗಿಸಲು ಇಡೀ ಜಾಕ್ ತನ್ನ ಚಕ್ರಗಳ ಮೇಲೆ ಕಾರಿನ ಕೆಳಕ್ಕೆ ಉರುಳಬೇಕು. ನಯವಾದ ಗಟ್ಟಿ ನೆಲದಲ್ಲಿ ಉರುಳುತ್ತದೆ. ಒಂದು ಸಲ ಜಲ್ಲಿ ಹಾಕಿದ ಜಾಗದಲ್ಲಿ ಎತ್ತಲು ಹೋದೆ. ಜಾಕ್‌ನ ಚಕ್ರಗಳು ಜಲ್ಲಿಯಲ್ಲಿ ಹೂತುಕೊಂಡವು. ಜಾಕ್ ಉರುಳಲಿಲ್ಲ, ಬದಲಿಗೆ ತಲೆ ಕಾರಿನ ಕೆಳಗೇ ಜಾರತೊಡಗಿತು. ತಕ್ಷಣ ಇಳಿಸಿದೆ. ಈಗ ಅಂಥ ಕಡೆ ಕೆಲಸವನ್ನೇ ಮಾಡುವುದಿಲ್ಲ. ಮಾಡಲೇಬೇಕಾದರೆ ಜಾಕ್ ಉರುಳುವಷ್ಟು ಉದ್ದದ ದಪ್ಪ ಪ್ಲೈವುಡ್ ಹಾಸುತ್ತೇನೆ. ಬಿಸಿಲಿಗೆ ಮೆತ್ತಗಾದ ಡಾಂಬರಿನ ಮೇಲೂ ಹಲಗೆ ಬೇಕು. ಇಳಿಸುವಾಗ ಹಿಡಿಯನ್ನು ಕೂದಲೆಳೆಯಷ್ಟೇ ತಿರುಗಿಸಿ. ಜಾಸ್ತಿ ತಿರುಗಿಸಿದರೆ ಕಾರು ಧೊಪ್ಪನೆ ಬೀಳುತ್ತದೆ.

ಇಷ್ಟು ಹೊಗಳಿದರೂ ಟ್ರಾಲಿ ಜಾಕ್ ಕೂಡ ಆಯಿಲ್ ಮೇಲೇ ನಿಂತಿದೆ. ಅದಕ್ಕೇ ನಾನು ಅದನ್ನು ಒಂಟಿಯಾಗಿ ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಒಂದು ಜೋಡಿ ಜಾಕ್ ಸ್ಟ್ಯಾಂಡ್ ಸೇರಿಸಿಯೇ ಅದು ಪೂರ್ತಿಯಾಗುವುದು. ಸ್ಟ್ಯಾಂಡ್‌ಗೆ ಎತ್ತುವ ಕೆಲಸವೇ ಇಲ್ಲ, ನಿಲ್ಲುವುದಷ್ಟೇ. ನಾಲ್ಕು ಕಾಲು, ನಡುವೆ ಒಂದು ಕಂಬ. ಕಂಬವನ್ನು ಹಿಡಿಯಲು ಒಂದೋ ಹಲ್ಲು ಮತ್ತು ಕೊಕ್ಕೆ ಇರುತ್ತದೆ, ಇಲ್ಲವೇ ತೂತಿನಲ್ಲಿ ತೂರಿಸುವ ದಪ್ಪ ಪಿನ್. ಎರಡನ್ನೂ ಬಳಸಿದ್ದೇನೆ. ಹಲ್ಲಿನದ್ದು ಬೇಗ ಹೊಂದಿಸಬಹುದು. ನನಗೆ ಇಷ್ಟ ಪಿನ್ ಇರುವುದೇ. ಪಿನ್ ಆ ಕಡೆಯಿಂದ ಈ ಕಡೆಗೆ ಹಾದು ಹೋಗಿದೆ ಅಂತ ಕಣ್ಣಿಗೇ ಕಾಣುತ್ತದೆ. ಹಲ್ಲು ಕೊಕ್ಕೆಯಲ್ಲಿ ಪೂರ್ತಿ ಕೂತಿದೆಯೋ ಅಂಚಿನಲ್ಲಿ ನಿಂತಿದೆಯೋ ಹೊರಗಿಂದ ಹೇಳುವುದು ಕಷ್ಟ. ಇದು ಬರೀ ನನ್ನ ಅಳುಕಲ್ಲ. 2020ರಲ್ಲಿ ಅಮೆರಿಕದಲ್ಲಿ ಹಾರ್ಬರ್ ಫ್ರೈಟ್ ಕಂಪನಿ ಇದೇ ಹಲ್ಲು ಸರಿಯಾಗಿ ಕೂರದ ತೊಂದರೆಗೆ 3 ಟನ್ ಮತ್ತು 6 ಟನ್ ಸ್ಟ್ಯಾಂಡ್‌ಗಳನ್ನು ಭಾರಿ ಪ್ರಮಾಣದಲ್ಲಿ ವಾಪಸ್ ಕರೆಸಿಕೊಂಡಿತ್ತು. ಹಲ್ಲಿನ ಸ್ಟ್ಯಾಂಡ್ ಇದ್ದರೆ ಎರಡನೇ ಆಧಾರಕ್ಕೆ ಪಿನ್ ಕೂಡ ಇರುವಂಥದ್ದನ್ನೇ ಆರಿಸಿ. ತೂಕದ ಮಿತಿ ಒಂದಕ್ಕೋ ಜೋಡಿಗೋ ಅಂತ ಲೇಬಲ್‌ನಲ್ಲಿ ಓದಿಕೊಳ್ಳಿ.

ಸ್ಟ್ಯಾಂಡ್ ಇಲ್ಲ ಅಂತ ಇಟ್ಟಿಗೆ, ಸಿಮೆಂಟ್ ಬ್ಲಾಕ್ ಪೇರಿಸುವವರನ್ನು ನೋಡಿದರೆ ನನಗೆ ನಿಜವಾಗಿ ಹೆದರಿಕೆ ಆಗುತ್ತದೆ. ಗೋಡೆಯಲ್ಲಿ ಭಾರ ಇಡೀ ಇಟ್ಟಿಗೆ ಮೇಲೆ ಹಂಚಿ ಬೀಳುತ್ತದೆ. ಕಾರಿನ ಭಾರ ಒಂದು ಸಣ್ಣ ಅಂಚಿನಿಂದ ಒತ್ತುತ್ತದೆ. ಇಟ್ಟಿಗೆ ಬಗ್ಗಿ ಸೂಚನೆ ಕೊಡುವ ವಸ್ತುವಲ್ಲ, ಒಮ್ಮೆಲೇ ಸಿಡಿಯುತ್ತದೆ. ದಯವಿಟ್ಟು ಬೇಡ.

ರ‍್ಯಾಂಪ್ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಆಯಿಲ್ ಬದಲಿಸಲು ಬಹಳ ಒಳ್ಳೆಯದು. ಕಾರು ತನ್ನ ಚಕ್ರಗಳ ಮೇಲೇ ನಿಂತಿರುತ್ತದೆ, ಸೋರಲು ಏನೂ ಇಲ್ಲ. ಆದರೆ ಚಕ್ರ ಬಿಚ್ಚುವ ಕೆಲಸ ಆಗುವುದಿಲ್ಲ. ನಯವಾದ ನೆಲದಲ್ಲಿ ರ‍್ಯಾಂಪ್ ಮುಂದಕ್ಕೆ ಜಾರಬಹುದು, ಅಡಿಗೆ ರಬ್ಬರ್ ಮ್ಯಾಟ್ ಬೇಕು. ಹತ್ತಿಸುವಾಗ ಮುಂದೆ ಒಬ್ಬರು ನಿಂತು ಕೈ ತೋರಿಸಬೇಕು, ಅದೂ ಕಾರಿನ ನೇರಕ್ಕಲ್ಲ, ಪಕ್ಕಕ್ಕೆ ನಿಂತು.

ಟೂ ಪೋಸ್ಟ್ ಲಿಫ್ಟ್ ಬಳಸುವ ಅವಕಾಶ ಸಿಕ್ಕಿದ್ದು ಪರಿಚಯದ ಮೇಸ್ತ್ರಿಯೊಬ್ಬರ ಗ್ಯಾರೇಜಿನಲ್ಲಿ. ಎರಡು ಕಂಬ, ನಾಲ್ಕು ತೋಳು, ಪ್ರತಿ ತೋಳಿನ ತುದಿಗೆ ರಬ್ಬರ್ ಪ್ಯಾಡ್. ಕಾರಿನ ಕೆಳಗೆ ನೆಟ್ಟಗೆ ನಿಂತು ಕೆಲಸ ಮಾಡುವ ಸುಖ ಏನು ಅಂತ ಮೊದಲ ಸಲ ಗೊತ್ತಾಯಿತು. ಎಷ್ಟೋ ದಿನದಿಂದ ತಲೆ ತಿನ್ನುತ್ತಿದ್ದ ಸೈಲೆನ್ಸರ್ ಸದ್ದಿನ ಮೂಲ ಎರಡೇ ನಿಮಿಷದಲ್ಲಿ ಸಿಕ್ಕಿತು.

ನಾನು ಬಟನ್ ಒತ್ತಿ ಪೂರ್ತಿ ಎತ್ತಲು ಹೊರಟಿದ್ದೆ. ಮೇಸ್ತ್ರಿ ತಡೆದರು. “ಸ್ವಲ್ಪ ನಿಲ್ಲಿ. ಮೊದಲು ಒಂದು ಗೇಣು ಎತ್ತಿ. ಚಕ್ರ ನೆಲ ಬಿಡಲಿ, ಸಾಕು. ಈಗ ಹಿಂದೆ ಹೋಗಿ ಬಂಪರ್ ಹಿಡಿದು ಅಲ್ಲಾಡಿಸಿ ನೋಡಿ.” ಅಲ್ಲಾಡಿಸಿದೆ. ಹಿಂದಿನ ಬಲ ಪ್ಯಾಡ್ ಎತ್ತುವ ಜಾಗದಿಂದ ಎರಡು ಬೆರಳು ಆಚೆ ಕೂತಿತ್ತು. ಇಳಿಸಿ ಸರಿ ಮಾಡಿದೆವು. ಒಂದು ಗೇಣಿನ ಎತ್ತರದಲ್ಲಿ ಈ ತಪ್ಪು ಸಿಕ್ಕರೆ ಅದು ತಿದ್ದುಪಡಿ. ಆಳೆತ್ತರದಲ್ಲಿ ಸಿಕ್ಕರೆ ಕಾರೇ ಮೇಲೆ ಬರುತ್ತದೆ.

ಲಿಫ್ಟ್ ನನ್ನ ಮೊದಲ ಪ್ರಶ್ನೆಗೆ ಒಳ್ಳೆಯ ಉತ್ತರ ಕೊಡುತ್ತದೆ. ಏರುವಾಗ ಕಂಬದೊಳಗೆ ಟಕ್ ಟಕ್ ಅಂತ ಕೇಳುತ್ತದಲ್ಲ, ಅದು ಲಾಕ್. ಬೇಕಾದ ಎತ್ತರ ಬಂದ ಮೇಲೆ ಸ್ವಲ್ಪ ಕೆಳಗಿಳಿಸಿ ಎರಡೂ ಕಂಬದ ಲಾಕ್ ಮೇಲೆ ಕೂರಿಸಬೇಕು. ಆಗ ಭಾರ ಹೈಡ್ರಾಲಿಕ್‌ನಿಂದ ಕಬ್ಬಿಣಕ್ಕೆ ಬರುತ್ತದೆ. ಜಾಕ್ ಎತ್ತಿ ಸ್ಟ್ಯಾಂಡ್ ಮೇಲೆ ಇಳಿಸುವ ಕೆಲಸವನ್ನೇ ಒಂದೇ ಯಂತ್ರ ಮಾಡಿದಂತೆ, ಅಲ್ವಾ? ಲಾಕ್ ಮೇಲೆ ಕೂರಿಸದೆ ಆಯಿಲ್ ಮೇಲೇ ಬಿಟ್ಟು ಕೆಳಗೆ ಹೋದರೆ ಲಿಫ್ಟ್ ಕೂಡ ಒಂದು ದೊಡ್ಡ ಜಾಕ್ ಅಷ್ಟೇ.

ಲಿಫ್ಟ್‌ಗೆ ಅದರದ್ದೇ ಆದ ಅಪಾಯವೂ ಇದೆ. ಅಲ್ಲಿ ಕಾರು ತಕ್ಕಡಿಯಂತೆ ತೂಗುತ್ತಿರುತ್ತದೆ. ಮುಂದಿನ ಎಂಜಿನ್ನೋ ಗೇರ್‌ಬಾಕ್ಸೋ ಇಳಿಸಿದರೆ ತೂಕ ಹಿಂದಕ್ಕೆ ವಾಲುತ್ತದೆ. ಅಂಥ ಕೆಲಸಕ್ಕೆ ಮುಂಚೆ ಮೇಸ್ತ್ರಿ ಹಿಂಭಾಗಕ್ಕೆ ಎತ್ತರದ ಕಂಬದಂಥ ಸ್ಟ್ಯಾಂಡ್ ಕೊಡುತ್ತಾರೆ. ಡಿಕ್ಕಿಯಲ್ಲಿ ಭಾರದ ಸಾಮಾನು ಇದ್ದರೆ ಮೊದಲೇ ತೆಗೆಸುತ್ತಾರೆ. ಎಲೆಕ್ಟ್ರಿಕ್ ಕಾರುಗಳಲ್ಲಿ ಹೊಟ್ಟೆಯ ಉದ್ದಕ್ಕೂ ಬ್ಯಾಟರಿ ಇರುತ್ತದೆ. ಪ್ಯಾಡ್ ಆಗಲಿ ಜಾಕ್ ಆಗಲಿ ಅದಕ್ಕೆ ತಾಗಲೇಬಾರದು, ಕಂಪನಿ ತೋರಿಸಿದ ನಾಲ್ಕು ಜಾಗ ಬಿಟ್ಟು ಬೇರೆಲ್ಲೂ ಇಡುವಂತಿಲ್ಲ. ಏರ್ ಸಸ್ಪೆನ್ಷನ್ (ಸ್ಪ್ರಿಂಗ್ ಬದಲು ಗಾಳಿ ತುಂಬಿದ ಚೀಲ) ಇರುವ ಕಾರಾದರೆ ಎತ್ತುವ ಮುಂಚೆ ಕಾರಿನ ಮೆನುವಿನಲ್ಲಿ ಜಾಕ್ ಮೋಡ್ ಹಾಕಬೇಕು, ಇಲ್ಲದಿದ್ದರೆ ಎತ್ತಿರುವಾಗಲೇ ಅದು ಎತ್ತರ ಸರಿಮಾಡಿಕೊಳ್ಳಲು ನೋಡಬಹುದು.

ಕಾರಿನ ಕೆಳಗೆ ಹೆಚ್ಚು ಹೊತ್ತು ಇರಬೇಕಾದ ಕೆಲಸಕ್ಕೆ ನಾನು ಲಿಫ್ಟನ್ನೇ ಆರಿಸುತ್ತೇನೆ. ಬ್ರೇಕ್ ಪ್ಯಾಡ್, ಚಕ್ರ ಅದಲು ಬದಲು, ಇಂಥವಕ್ಕೆ ಮನೆಯಲ್ಲೇ ಟ್ರಾಲಿ ಜಾಕ್ ಮತ್ತು ಸ್ಟ್ಯಾಂಡ್. ಸ್ಟ್ಯಾಂಡ್ ಮೇಲೆ ಇಳಿಸಿದ ಮೇಲೂ ಕಾರನ್ನು ಜೋರಾಗಿ ಅಲ್ಲಾಡಿಸಿ ನೋಡುತ್ತೇನೆ. ಜಾಕ್‌ ತೆಗೆಯದೆ ತಲೆ ತಾಗಿಸಿಯೇ ಬಿಡುತ್ತೇನೆ. ಬಿಚ್ಚಿದ ಚಕ್ರ ಬಾಡಿ ಕೆಳಗೆ ಹೋಗುತ್ತದೆ. ಆಧಾರ ಮೂರಾಯಿತು. ಆಮೇಲೇ ಕೈ ಒಳಗೆ. ಸಿಸರ್ ಜಾಕ್ ಡಿಕ್ಕಿಯಲ್ಲೇ ಇದೆ, ಒಂದು ಹಲಗೆ ತುಂಡು ಮತ್ತು ಎರಡು ವೀಲ್ ಚೋಕ್ ಜೊತೆ. ಬಾಟಲ್ ಜಾಕ್‌ಗೆ ಹೊಸ ಸೀಲ್ ಹಾಕಿಸಿ, ಎತ್ತರದ ಗಾಡಿ ಇರುವ ಗೆಳೆಯನಿಗೆ ಕೊಟ್ಟೆ. ಬರೀ ಜಾಕ್ ಕೊಡಲು ಮನಸ್ಸಾಗಲಿಲ್ಲ. ಪಿನ್ ಇರುವ ಒಂದು ಜೋಡಿ ಸ್ಟ್ಯಾಂಡನ್ನೂ ಜೊತೆಗೇ ಕೊಟ್ಟಿದ್ದೇನೆ.