ರಕ್ತದಾನದ ಕೆಲಸಕ್ಕೆ ವಾಟ್ಸಾಪ್, ಇನ್‌ಸ್ಟಾಗ್ರಾಂ, ಫೇಸ್‌ಬುಕ್: ಯಾವುದು ಯಾವುದಕ್ಕೆ?

ಉಡುಪಿಯಲ್ಲಿ ನಮ್ಮದೊಂದು ಸಣ್ಣ ರಕ್ತದಾನಿಗಳ ಟ್ರಸ್ಟ್. ಸಂಬಳಕ್ಕೆ ಯಾರೂ ಇಲ್ಲ, ಎಲ್ಲರೂ ತಂತಮ್ಮ ಕೆಲಸ ಮುಗಿಸಿ ಬರುವವರೇ. ದಾನಿಗಳನ್ನು ಕರೆಯೋದು ಈಗ ಪೂರ್ತಿ ಫೋನಿನಲ್ಲೇ. ವಾಟ್ಸಾಪ್, ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಮೂರನ್ನೂ ವರ್ಷಗಟ್ಟಲೆ ಬಳಸಿ ನೋಡಿದ್ದೇವೆ. ಎಷ್ಟು ಮಂದಿ ನೋಡಿದರು, ಎಷ್ಟು ಲೈಕ್ ಬಂತು ಅನ್ನೋದು ನಮಗೆ ಮುಖ್ಯ ಅಲ್ಲ. ಬ್ಲಡ್ ಬ್ಯಾಂಕಿನ ಬಾಗಿಲಿಗೆ ಎಷ್ಟು ಮಂದಿ ಬಂದರು ಅನ್ನೋದೇ ಲೆಕ್ಕ. ಆ ಲೆಕ್ಕದಲ್ಲಿ ವಾಟ್ಸಾಪ್ ಎಲ್ಲಕ್ಕಿಂತ ಮುಂದೆ.

ಮಳೆಗಾಲವನ್ನೇ ನೋಡಿ. ಡೆಂಗಿ ಜೋರಾದರೆ ಪ್ಲೇಟ್‌ಲೆಟ್ ಬೇಕು ಅಂತ ಫೋನಿನ ಮೇಲೆ ಫೋನು. ಕೆಂಪು ಕಣಗಳನ್ನು ಐದಾರು ವಾರ ಇಡಬಹುದು. ಪ್ಲೇಟ್‌ಲೆಟ್ ಬಾಳೋದು ಐದೇ ದಿನ. ಮೊದಲೇ ತೆಗೆದು ಕೂಡಿಡೋಕೆ ಆಗಲ್ಲ, ಆ ಹೊತ್ತಿಗೇ ಜನ ಬೇಕು. ನಮ್ಮ ಪುಣ್ಯಕ್ಕೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಬೋಟಿಗೆ ಹೋಗುವ ನಮ್ಮೂರ ಹುಡುಗರು ಮನೆಯಲ್ಲೇ ಇರುತ್ತಾರೆ. ಮಲ್ಪೆ ಗುಂಪಿಗೆ ತುಳುವಿನಲ್ಲಿ ಒಂದು ವಾಯ್ಸ್ ಮೆಸೇಜ್ ಹಾಕಿದರೆ ಸಾಕು, "ಹೊರಟೆ ಅಣ್ಣ" ಅಂತ ಉತ್ತರ ಬರುತ್ತದೆ. ಬರೆದು ಹಾಕಿದ್ದಕ್ಕಿಂತ ಮಾತಿನಲ್ಲಿ ಕೇಳಿದ್ದಕ್ಕೆ ಬರುವವರು ಜಾಸ್ತಿ.

ಆದರೆ ವಾಟ್ಸಾಪಿನಲ್ಲಿ ಹಳೇ ಕರೆ ಸಾಯುವುದೇ ಇಲ್ಲ. "ಅರ್ಜೆಂಟ್, ಬಿ ನೆಗೆಟಿವ್ ಬೇಕು, ಎಲ್ಲರಿಗೂ ಕಳಿಸಿ" ಅಂತ ಯಾರೋ ಹಾಕಿರುತ್ತಾರೆ. ತಾರೀಕಿಲ್ಲ, ಆಸ್ಪತ್ರೆಯ ಹೆಸರಿಲ್ಲ, ಮನೆಯವರ ನಂಬರ್ ಮಾತ್ರ ಇದೆ. ಅದು ತಿಂಗಳುಗಟ್ಟಲೆ ಊರೂರು ಸುತ್ತುತ್ತದೆ. ರೋಗಿ ತೀರಿಹೋದ ಮನೆಗೂ "ರಕ್ತ ಬೇಕಿತ್ತಂತೆ" ಎಂದು ಫೋನು ಹೋಗುತ್ತದೆ. ಆ ಫೋನು ಎತ್ತಿದ ತಾಯಿಯ ಸಂಕಟ ನೆನೆಸಿಕೊಂಡರೆ ಹೊಟ್ಟೆ ಚುರ್ ಎನ್ನುತ್ತದೆ. ನಮ್ಮ ಗುಂಪಿನಿಂದ ಅಳಿಸಿದರೂ ಫಾರ್ವರ್ಡ್ ಆದದ್ದು ಉಳಿದೇ ಇರುತ್ತದೆ.

ಅದಕ್ಕೇ ನಮ್ಮ ಮೆಸೇಜಿನ ಮೊದಲ ಸಾಲು ತಾರೀಕು ಮತ್ತು ಗಂಟೆ. ಆಮೇಲೆ ಆಸ್ಪತ್ರೆ, ರಕ್ತದ ಗುಂಪು, ಎಷ್ಟು ಯೂನಿಟ್. "ಇವತ್ತು ರಾತ್ರಿ 10ರವರೆಗೆ ಮಾತ್ರ" ಎಂಬುದು ಕೊನೆಯ ಸಾಲು. ನಂಬರ್ ಕೊಡೋದು ನಮ್ಮ ಕಾರ್ಯಕರ್ತರದ್ದೇ. ರೋಗಿಯ ಫೋಟೋ ಹಾಕುವುದೇ ಇಲ್ಲ. ಕರೆ ಕಳಿಸುವ ಮೊದಲು ಸರ್ಕಾರದ ಇ-ರಕ್ತಕೋಶ ವೆಬ್‌ಸೈಟಿನಲ್ಲಿ ಹತ್ತಿರದ ಬ್ಲಡ್ ಬ್ಯಾಂಕುಗಳ ಸ್ಟಾಕ್ ನೋಡಿ, ಫೋನು ಮಾಡಿ ಖಾತ್ರಿ ಮಾಡಿಕೊಳ್ಳುತ್ತೇವೆ. ಸುಮ್ನೆ ಸುಮ್ನೆ ಕರೆದರೆ ಜನ ಮುಂದಿನ ಸಲ ಬರಲ್ಲ.

ಇನ್ನೊಂದು ತೊಡಕು. ಗುಂಪಿನಲ್ಲಿ ಒಬ್ಬರ ನಂಬರ್ ಎಲ್ಲರಿಗೂ ಕಾಣುತ್ತದೆ. ಕಾಲೇಜು ಹುಡುಗಿಯರು ಹಿಂಜರಿಯೋದು ಸಹಜ ಅಲ್ವಾ? ಅವರನ್ನು ವಾಟ್ಸಾಪ್ ಕಮ್ಯುನಿಟಿಯ ಪ್ರಕಟಣೆ ಗುಂಪಿಗೆ ಮಾತ್ರ ಸೇರಿಸುತ್ತೇವೆ. ಅಲ್ಲಿ ನಂಬರ್ ಅಡ್ಮಿನ್‌ಗಳಿಗೆ ಕಾಣುತ್ತದೆ, ಗುರುತಿಲ್ಲದ ಬೇರೆ ಸದಸ್ಯರಿಗೆ ಕಾಣಲ್ಲ.

ಹಳೇ ಕರೆಯ ಕಾಟದಲ್ಲಿ ಮಾತ್ರ ಇನ್‌ಸ್ಟಾಗ್ರಾಂ ಸ್ಟೋರಿ ವಾಸಿ. 24 ಗಂಟೆ ಕಳೆದರೆ ತಾನೇ ಮಾಯ. ವಾಟ್ಸಾಪ್ ಸ್ಟೇಟಸ್ಸೂ ಹಾಗೇ, ಆದರೆ ಅದನ್ನು ನೋಡಲು ನಮ್ಮ ನಂಬರ್ ಸೇವ್ ಆಗಿರಬೇಕು.

ಇನ್‌ಸ್ಟಾಗ್ರಾಂನ ನಿಜವಾದ ಲಾಭ ಮೊದಲ ಸಲ ರಕ್ತ ಕೊಡುವವರಲ್ಲಿ. ಮಣಿಪಾಲ, ಮಂಗಳೂರಿನ ಕಾಲೇಜುಗಳಲ್ಲಿ ಓದುವ ಹೊರಊರಿನ ಮಕ್ಕಳು ನಮ್ಮ ವಾಟ್ಸಾಪ್ ಗುಂಪಿಗೆ ಬರುವ ದಾರಿಯೇ ಇಲ್ಲ. ಕಾಲೇಜಿನ ಎನ್‌ಎಸ್‌ಎಸ್ ಘಟಕದ ಜೊತೆ ಕೊಲ್ಯಾಬ್ ಪೋಸ್ಟ್ (ಎರಡೂ ಖಾತೆಗಳಲ್ಲಿ ಕಾಣುವ ಜಂಟಿ ಪೋಸ್ಟ್) ಹಾಕಿದರೆ ಅವರ ಫಾಲೋವರ್‌ಗಳಿಗೂ ನಮ್ಮ ಕ್ಯಾಂಪು ಗೊತ್ತಾಗುತ್ತದೆ. ಒಮ್ಮೆ ಹುಲಿವೇಷದ ಕುಣಿತದ ಜೊತೆ ರೀಲ್ಸ್ ಮಾಡಿದ್ದೆವು. ಚೆನ್ನಾಗಿ ಓಡಿತು. ಬೆಂಗಳೂರು, ಕಾಸರಗೋಡಿನಿಂದೆಲ್ಲ ನೋಡಿದರು. ಅದನ್ನು ನೋಡಿ ರಕ್ತ ಕೊಡಲು ಬಂದವರು ಬೆರಳೆಣಿಕೆ. "ಯಾರು ಕೊಡಬಹುದು, ಯಾರು ಕೊಡಬಾರದು" ಎಂದು ನಮ್ಮ ಹುಡುಗಿಯೊಬ್ಬಳು ಕ್ಯಾಮೆರಾ ಮುಂದೆ ಸೀದಾ ಹೇಳಿದ ರೀಲ್ಸ್ ನೋಡಿದವರು ಕಮ್ಮಿ. ಆದರೆ ಇನ್‌ಬಾಕ್ಸ್ ತುಂಬ ಪ್ರಶ್ನೆಗಳು ಬಂದವು. "ಹೋದ ತಿಂಗಳು ಟ್ಯಾಟೂ ಹಾಕಿಸಿದ್ದೇನೆ, ಕೊಡಬಹುದಾ?" ಇಲ್ಲ, 12 ತಿಂಗಳು ಕಾಯಬೇಕು. "ಹಿಮೋಗ್ಲೋಬಿನ್ 12 ಇದೆ." ಸಾಲದು, 12.5 ಆದರೂ ಬೇಕು. ತೂಕ 45 ಕಿಲೋಗಿಂತ ಕಮ್ಮಿ ಇರಬಾರದು. ಒಮ್ಮೆ ಕೊಟ್ಟ ಮೇಲೆ ಗಂಡಸರು 90 ದಿನ, ಹೆಂಗಸರು 120 ದಿನ ಬಿಟ್ಟು ಮತ್ತೆ ಕೊಡಬಹುದು. ಇಂಥ ಪ್ರಶ್ನೆಯನ್ನು ಈ ಮಕ್ಕಳು ಗುಂಪಿನಲ್ಲಿ ಎಲ್ಲರೆದುರು ಕೇಳುವುದಿಲ್ಲ. ಒಬ್ಬೊಬ್ಬರಿಗೂ ಕೂತು ಉತ್ತರ ಬರೆಯುವ ತಾಳ್ಮೆ ಇದ್ದರೆ ಇನ್‌ಸ್ಟಾಗ್ರಾಂ ಕೈಬಿಡೋದಿಲ್ಲ. ಸೆಮಿಸ್ಟರ್ ರಜೆ ಶುರುವಾದರೆ ಮಾತ್ರ ಈ ದಾನಿಗಳೆಲ್ಲ ಊರಿಗೆ ಹೋಗಿಬಿಡುತ್ತಾರೆ.

ತುರ್ತು ಕರೆಗೆ ಫೇಸ್‌ಬುಕ್ ಬೇಡವೇ ಬೇಡ. ಮೊನ್ನೆಯ ಪೋಸ್ಟ್ ಇವತ್ತು ಮೇಲೆ ಬಂದು ಕೂತಿರುತ್ತದೆ. 2017ರ ಅಕ್ಟೋಬರ್ 1ರಂದು ಫೇಸ್‌ಬುಕ್ ರಕ್ತದಾನಿಗಳಿಗೆಂದೇ ನೋಂದಣಿ ವ್ಯವಸ್ಥೆ ಶುರು ಮಾಡಿತ್ತು, ಅದೂ ಮೊದಲು ಭಾರತದಲ್ಲೇ. ನಮಗೆ ಅದರಿಂದ ಸಿಕ್ಕಿದ್ದು ಅಷ್ಟಕ್ಕಷ್ಟೇ.

ಆದರೆ ಕ್ಯಾಂಪಿನ ಖರ್ಚು ಹುಟ್ಟೋದು ಅಲ್ಲಿಂದಲೇ. ಮುಂಬೈ, ದುಬೈ, ಕುವೈತ್‌ನಲ್ಲಿರುವ ನಮ್ಮೂರ ಹಿರಿಯರು ಇನ್ನೂ ಫೇಸ್‌ಬುಕ್ಕಿನಲ್ಲೇ ಇದ್ದಾರೆ. ಜ್ಯೂಸು, ಬಿಸ್ಕತ್ತು, ಶಾಮಿಯಾನದ ಬಿಲ್ಲಿನ ಫೋಟೋ ಹಾಕಿ ಲೆಕ್ಕ ಒಪ್ಪಿಸಿದರೆ ಮುಂದಿನ ಕ್ಯಾಂಪಿಗೆ ಅವರೇ ಕೇಳಿ ಕಳಿಸುತ್ತಾರೆ. ಇಲ್ಲಿ ಸಂಸ್ಥೆಯವರು ಜಾಗ್ರತೆ ವಹಿಸಬೇಕು. ಗಲ್ಫ್‌ನಲ್ಲಿದ್ದರೂ ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ದುಡಿಮೆಯ ದುಡ್ಡನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಬೇರೆ ದೇಶದ ಪೌರತ್ವ ಪಡೆದವರದ್ದು, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ವಿದೇಶಿ ದೇಣಿಗೆಯೇ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಅನುಮತಿ ಇಲ್ಲದೆ ಮುಟ್ಟುವಂತಿಲ್ಲ. ಖಾತೆ ನಂಬರ್ ಹಾಕುವ ಪೋಸ್ಟಿನಲ್ಲೇ ಇದನ್ನೂ ಬರೆದುಬಿಡಿ.

ಯೂಟ್ಯೂಬ್ ಬಗ್ಗೆ ಹೇಳೋದು ಕಮ್ಮಿ. ಡಾಕ್ಟರೊಬ್ಬರು ತುಳುವಿನಲ್ಲಿ ಮಾತಾಡಿದ ವಿಡಿಯೋ ಹಾಕಿದ್ದೇವೆ. ಹೆದರುವ ಮನೆಯವರಿಗೆ ಲಿಂಕ್ ಕಳಿಸಲು ಅದು ಬೇಕಾಗುತ್ತದೆ.

ಹೊಸದಾಗಿ ಶುರು ಮಾಡುವವರು, ಕೈ ಕಮ್ಮಿ ಇದ್ದರೆ, ತಾಲೂಕಿಗೊಂದು ವಾಟ್ಸಾಪ್ ಗುಂಪು ಮತ್ತು ಇನ್‌ಸ್ಟಾಗ್ರಾಂ ಸ್ಟೋರಿ ಇಟ್ಟುಕೊಳ್ಳಿ. ದುಡ್ಡಿನ ಅಗತ್ಯ ಬಿದ್ದಾಗ ಫೇಸ್‌ಬುಕ್ ಪೇಜ್ ತೆರೆದರಾಯಿತು. ಆದರೆ ರಾತ್ರಿ ಫೋನು ಎತ್ತಲು ಸರದಿಯ ಮೇಲೆ ಇಬ್ಬರನ್ನು ಗೊತ್ತು ಮಾಡಿಕೊಂಡೇ ಗುಂಪಿನ ಲಿಂಕ್ ಹಂಚಿ.